ಶರದೃತುವಿನ ಸೂರಕ್ಕಿ: ಎದೆಯ ಕಪ್ಪು ಪಟ್ಟಿಯೇ ಗುರುತು

ನವರಾತ್ರಿ, ದೀಪಾವಳಿಯ ದಿನಗಳಲ್ಲಿ ನಗರದ ಕೈತೋಟಗಳಿಗೆ ಬರುವ ಒಂದು ಪುಟ್ಟ ಹಕ್ಕಿ ನೋಡುಗರನ್ನು ಗೊಂದಲಕ್ಕೆ ಕೆಡವುತ್ತದೆ. ಬೆನ್ನು ಮಾಸಲು ಕಂದು, ಹೊಟ್ಟೆ ತಿಳಿ ಹಳದಿ. ಗಂಟಲಿನಿಂದ ಹೊಟ್ಟೆಯವರೆಗೆ ಶಾಯಿ ಚೆಲ್ಲಿದಂತೆ ಒಂದು ಕಪ್ಪು ಪಟ್ಟಿ. ಇದು ಹೊಸ ಹಕ್ಕಿಯಲ್ಲ. ಬೇಸಿಗೆಯಲ್ಲಿ ಮಿರಮಿರನೆ ಹೊಳೆಯುತ್ತಿದ್ದ ಗಂಡು ಕಪ್ಪು ಸೂರಕ್ಕಿಯೇ ಈ ವೇಷದಲ್ಲಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಪರ್ಪಲ್ ಸನ್‌ಬರ್ಡ್ ಎಂದು ಹೆಸರು.

ಸುಮಾರು 10 ಸೆಂ.ಮೀ. ಉದ್ದದ ಈ ಹಕ್ಕಿ ಗುಬ್ಬಚ್ಚಿಗಿಂತಲೂ ಚಿಕ್ಕದು. ಸಂತಾನೋತ್ಪತ್ತಿಯ ಕಾಲದಲ್ಲಿ ಗಂಡಿನ ಮೈ ನೆರಳಿನಲ್ಲಿ ಕಪ್ಪಾಗಿಯೂ ಬಿಸಿಲಿನಲ್ಲಿ ನೀಲಿ-ನೇರಳೆಯಾಗಿಯೂ ಕಾಣುತ್ತದೆ. ಗರಿಯ ಸೂಕ್ಷ್ಮ ಪದರಗಳ ಮೇಲೆ ಬೆಳಕು ಪ್ರತಿಫಲಿಸುವ ಬಗೆಯೇ ಈ ಹೊಳಪಿಗೆ ಕಾರಣ. ಆ ಕಾಲ ಮುಗಿದ ಮೇಲೆ ಗಂಡು ಗರಿ ಉದುರಿಸಿ ಬಹುಮಟ್ಟಿಗೆ ಹೆಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಈ ರೂಪವನ್ನು ಕಾಣಬಹುದು. ಆದರೆ ಎಲ್ಲ ಹಕ್ಕಿಗಳೂ ಒಮ್ಮೆಗೇ ಬದಲಾಗುವುದಿಲ್ಲ.

ಗುರುತಿಸುವುದು ಹೇಗೆ?

ಹೆಣ್ಣಿಗೆ ಎದೆಯ ಪಟ್ಟಿ ಇರುವುದಿಲ್ಲ. ಎಳೆಯ ಗಂಡಿನಲ್ಲಿಯೂ ಇಂಥ ಪಟ್ಟಿ ಮೂಡುವುದುಂಟು. ಆದರೆ ಬೆಳೆದ ಗಂಡಿನ ಭುಜದ ಮೇಲೆ ಹೊಳಪಿನ ಗರಿಗಳು ಉಳಿದಿರುತ್ತವೆ. ತೋಟಗಳಲ್ಲಿ ಜೊತೆಗೇ ಕಾಣುವ ಪರ್ಪಲ್ ರಂಪ್ಡ್ ಸನ್‌ಬರ್ಡ್ ಜಾತಿಯ ಗಂಡು ಹೀಗೆ ಋತುವಿಗೊಮ್ಮೆ ಬಣ್ಣ ಬದಲಿಸುವುದಿಲ್ಲ. ಅದರ ಹೆಣ್ಣಿನ ಗಂಟಲು ಬೂದುಬಿಳುಪು. ಕಪ್ಪು ಸೂರಕ್ಕಿಯ ಹೆಣ್ಣಿನ ಗಂಟಲು ಹಳದಿ. ಕೊಕ್ಕು ಇನ್ನೂ ಉದ್ದವಾಗಿ, ಹೆಚ್ಚು ಬಾಗಿದ್ದರೆ ಅದು ಲೋಟೆನ್ಸ್ ಸನ್‌ಬರ್ಡ್ ಇರಬಹುದು.

ಚಳಿಗಾಲದಲ್ಲಿ ಹೊಳಪು ಮರಳುವಾಗ ಮೈಮೇಲೆ ಅಲ್ಲಲ್ಲಿ ಕಪ್ಪು ತೇಪೆಗಳು ಏಳುತ್ತವೆ. ಇದು ರೋಗದ ಲಕ್ಷಣವಲ್ಲ, ಗರಿ ಬದಲಾವಣೆಯ ಸಹಜ ಹಂತ. ಚುರುಕಾಗಿ ಹಾರಾಡುತ್ತಿರುವ ಹಕ್ಕಿಯನ್ನು ಶುಶ್ರೂಷೆಯ ನೆಪದಲ್ಲಿ ಹಿಡಿದರೆ ಹಾನಿಯೇ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಹಕ್ಕಿಗೆ ರಕ್ಷಣೆ ನೀಡಿದೆ.

ಸೂರಕ್ಕಿಗೆ ಬೇಕಾದುದು ಹೂವಿನ ಮಕರಂದ ಮತ್ತು ಸಣ್ಣ ಕೀಟಗಳು. ಮರಿಗಳಿಗಂತೂ ಕೀಟ, ಜೇಡಗಳೇ ಮುಖ್ಯ ಆಹಾರ. ಜೇಡರ ಬಲೆಯಿಂದ ನಾರು, ಒಣ ಎಲೆಗಳನ್ನು ಬೆಸೆದು ಹೆಣ್ಣು ತೂಗುಚೀಲದಂಥ ಗೂಡು ಕಟ್ಟುತ್ತದೆ. ಆದ್ದರಿಂದ ಕೈತೋಟಕ್ಕೆ ಕೀಟನಾಶಕ ಸಿಂಪಡಿಸಿ ಜೇಡಗಳನ್ನು ಇಲ್ಲವಾಗಿಸಿದರೆ ಹಕ್ಕಿಯ ಊಟವೂ ಗೂಡಿನ ಸಾಮಗ್ರಿಯೂ ಒಟ್ಟಿಗೇ ಹೋಗುತ್ತವೆ. ದಾಸವಾಳದ ಒಂದು ಗಿಡ, ಅದರಲ್ಲೊಂದು ಜೇಡರ ಬಲೆಯನ್ನು ಹಾಗೆಯೇ ಬಿಟ್ಟರೆ, ಇಂದು ಮಾಸಲು ಬಣ್ಣದಲ್ಲಿರುವ ಹಕ್ಕಿ ಹೊಳಪು ಪಡೆಯುವುದನ್ನು ಮನೆಯಂಗಳದಲ್ಲಿಯೇ ನೋಡುವ ಅವಕಾಶ ದೊರೆಯಬಹುದು.