ಬಡಗುತಿಟ್ಟಿನ ಧ್ವನಿಸುರುಳಿಗಳು ಮತ್ತು ಡಿಜಿಟಲ್ ಶೋಧಕ

ಯಕ್ಷಗಾನದ ಇತಿಹಾಸಕ್ಕೆ ತಾಳೆಗರಿ ಹಾಗೂ ಮುದ್ರಿತ ಪ್ರಸಂಗಗಳು ಪ್ರಮುಖ ಆಕರಗಳಾಗಿವೆ. ಆದರೆ ಭಾಗವತಿಕೆಯ ಅಧ್ಯಯನಕ್ಕೆ ಬರಹವಷ್ಟೇ ಸಾಲದು. ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದ ಬಡಗುತಿಟ್ಟಿನಲ್ಲಿ ಹೊಸ ಗಾನಶೈಲಿಯನ್ನು ಜನಪ್ರಿಯಗೊಳಿಸಿದ ಗುಂಡ್ಮಿ ಕಾಳಿಂಗ ನಾವಡರು (1958–1990) ಅಲ್ಪಾಯುಷಿಗಳು. ಅವರ ಕಂಠವನ್ನು ಇಂದು ಅರಿಯಲು ಧ್ವನಿಸುರುಳಿಗಳೇ ಮುಖ್ಯ ಆಧಾರ. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಪರಿಚಯಿಸಿದ ಕ್ಯಾಸೆಟ್, ಹೀಗೆ ಕರಾವಳಿಯಲ್ಲಿ ಇತಿಹಾಸದ ಆಕರವಾಗಿ ಪರಿಣಮಿಸಿದೆ.

ಕ್ಯಾಸೆಟ್ಟಿನಲ್ಲಿ ಟೇಪಿನದೇ ಆದ 'ಸುಯ್' ಎಂಬ ಸದ್ದಿರುತ್ತದೆ. ವಿದ್ಯುತ್ ಸಂಪರ್ಕದಿಂದ 50 ಹರ್ಟ್ಸ್ ಹಾಗೂ ಅದರ ಗುಣಕಗಳ ಗುಂಯ್‌ಗುಡುವಿಕೆ ಸೇರುವುದೂ ಉಂಟು. ಇವನ್ನು ತಗ್ಗಿಸುವ ಸಾಧನವೇ ಡಿಜಿಟಲ್ ಶೋಧಕ ಅಥವಾ ಫಿಲ್ಟರ್. ಇದನ್ನು ಜರಡಿಗೆ ಹೋಲಿಸುವುದುಂಟು. ವಾಸ್ತವದಲ್ಲಿ ಇದು ಅಂಕಗಣಿತ. ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆದರೆ ಅಷ್ಟು ಸಂಖ್ಯೆಗಳ ಸಾಲು ದೊರೆಯುತ್ತದೆ. ನೆರೆಹೊರೆಯ ಸಂಖ್ಯೆಗಳನ್ನು ನಿಗದಿತ ಪ್ರಮಾಣದಲ್ಲಿ ಕೂಡಿಸಿ ಹೊಸ ಸಾಲನ್ನು ಪಡೆಯುವುದೇ ಶೋಧನೆ. ಮೂರು ಮೂರು ಸಂಖ್ಯೆಗಳ ಸರಾಸರಿ ಅತ್ಯಂತ ಸರಳ ಶೋಧಕ. ಅದು ಸಣ್ಣ ಏರಿಳಿತಗಳನ್ನು ಸಮಗೊಳಿಸಿ ಸುಯ್ಗುಟ್ಟುವಿಕೆಯನ್ನು ಕುಗ್ಗಿಸುತ್ತದೆ.

ತೊಡಕು ಇರುವುದು ಇಲ್ಲಿಯೇ. 0, 0, 10, 0, 0 ಎಂಬ ಸಾಲು ಚಂಡೆಯ ಒಂದು ಪೆಟ್ಟೆಂದು ಭಾವಿಸೋಣ. ಸರಾಸರಿಯ ಬಳಿಕ ನಡುವಿನ 10ರ ಜಾಗದಲ್ಲಿ ಸುಮಾರು 3.3ರಂತೆ ಮೂರು ಸಂಖ್ಯೆಗಳು ಉಳಿಯುತ್ತವೆ, ಪೆಟ್ಟು ಮೊಂಡಾಗುತ್ತದೆ. ತಾಳದ ಝೇಂಕಾರವೂ ಸುಯ್ಗುಟ್ಟುವಿಕೆಯಂತೆ ಉಚ್ಚ ಆವರ್ತನಗಳಲ್ಲಿಯೇ ಇರುವುದರಿಂದ ಎರಡೂ ಒಟ್ಟಿಗೆ ಅಳಿಯುತ್ತವೆ. ಮದ್ದಳೆಯ ಸ್ಥಿತಿಯೂ ಭಿನ್ನವಲ್ಲ. ಮೃದಂಗದ ಜಾತಿಯ ವಾದ್ಯಗಳಲ್ಲಿ ಕರಣೆಯ ಲೇಪದಿಂದಾಗಿ ಉಪಸ್ವರಗಳು ಮೂಲಸ್ವರದೊಂದಿಗೆ ಸರಳ ಅನುಪಾತದಲ್ಲಿ ಹೊಂದುತ್ತವೆ ಎಂಬುದನ್ನು ಸಿ.ವಿ. ರಾಮನ್ ಮತ್ತು ಶಿವಕಾಲಿ ಕುಮಾರ್ 1920ರಲ್ಲಿಯೇ ವಿವರಿಸಿದ್ದರು. ಈ ಉಪಸ್ವರಗಳು ಕಳೆದುಹೋದರೆ ಮದ್ದಳೆಯ ನಾದವೈಶಿಷ್ಟ್ಯ ಮಸುಕಾಗುತ್ತದೆ. ಗುಂಯ್‌ಗುಡುವಿಕೆಯ ಪರಿಹಾರ ಇದಕ್ಕಿಂತ ಸುಲಭ: 50, 100, 150 ಹರ್ಟ್ಸ್‌ಗಳ ಕಿರಿದಾದ ಪಟ್ಟಿಗಳನ್ನಷ್ಟೇ ತಗ್ಗಿಸಿದರೆ ಉಳಿದ ಧ್ವನಿಗೆ ಹೆಚ್ಚಿನ ಹಾನಿಯಿಲ್ಲ.

ಆದ್ದರಿಂದ ಧ್ವನಿಶೋಧನೆಯನ್ನು ಕೇವಲ ತಾಂತ್ರಿಕ ಕಾರ್ಯವೆಂದು ಭಾವಿಸಲಾಗದು. ಅದು ಗ್ರಂಥಸಂಪಾದನೆಗೆ ಸಮಾನವಾದುದು. ಸಂಪಾದಕನು ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸುವಂತೆ, ಶೋಧಿಸದ ಮೂಲಪ್ರತಿಯನ್ನು ಪ್ರತ್ಯೇಕವಾಗಿ ಕಾಯ್ದಿರಿಸಬೇಕು; ಬಳಸಿದ ಶೋಧಕದ ವಿವರವನ್ನು ದಾಖಲಿಸಬೇಕು. ಗದ್ದಲವನ್ನು ನಾಳೆಯೂ ತೆಗೆಯಬಹುದು. ಮೂಲಪ್ರತಿಯೇ ಉಳಿಯದಿದ್ದಲ್ಲಿ, ಅಳಿದ ನಾದವನ್ನು ಮರಳಿ ಪಡೆಯಲಾಗದು.