ವ್ಯಾಪಾರದ ಅಪಕೃತ್ಯಗಳಿಗೆ ನೆರವಾದವರ ಸಿವಿಲ್ ಹೊಣೆ

ಒಬ್ಬ ವ್ಯಾಪಾರಿ ಮತ್ತೊಬ್ಬನ ಹೆಸರು, ಗುರುತು ಅಥವಾ ಕರಾರಿಗೆ ಧಕ್ಕೆ ತಂದಾಗ, ಆ ಕೃತ್ಯವನ್ನು ತಾನೇ ಎಸಗದಿದ್ದರೂ ಅದಕ್ಕೆ ಕೈಜೋಡಿಸಿದವನು ನಷ್ಟ ತುಂಬಿಕೊಡಬೇಕಾದ ಬಾಧ್ಯತೆಯೇ ಈ ಹೊಣೆ. ಅಪಕೃತ್ಯವೆಂದರೆ ಶಿಕ್ಷೆಗಿಂತ ಮುಖ್ಯವಾಗಿ ಪರಿಹಾರಕ್ಕೆ ಎಡೆಮಾಡುವ ತಪ್ಪು. ಇದನ್ನು ದಂಡಸಂಹಿತೆಯ ಕುಮ್ಮಕ್ಕಿನೊಡನೆ ಬೆರೆಸಿದರೆ ಇತಿಹಾಸದ ಎಳೆ ತಪ್ಪುತ್ತದೆ. ಅಲ್ಲಿ ದಂಡ ಪ್ರಭುತ್ವಕ್ಕೆ ಸಲ್ಲುತ್ತದೆ, ಇಲ್ಲಿ ಹಣ ನೊಂದವನ ಕೈ ಸೇರುತ್ತದೆ.

ಈ ಗೊಂದಲ ಹೆಚ್ಚಾಗಿ ಕಾಣುವುದು ಪ್ರಾಚೀನ ಆಧಾರಗಳನ್ನು ಓದುವಾಗ. ಕೊಪ್ಪಳ ಸೀಮೆಯ ಇಟಗಿಯಲ್ಲಿ ಮಹಾದೇವ ದೇವಾಲಯ (1112) ಕಟ್ಟಲಾದ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲೇ, ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದನು. ಕಳ್ಳನೆಂದು ತಿಳಿದೂ ಅವನಿಗೆ ಅನ್ನ, ಆಶ್ರಯ, ಬೆಂಕಿ, ನೀರು, ಸಲಹೆ, ಸಲಕರಣೆ ಕೊಟ್ಟವನಿಗೆ ಆ ಸ್ಮೃತಿ ಅತಿ ಹೆಚ್ಚಿನ ದಂಡ ವಿಧಿಸುತ್ತದೆ. ಬಲಾತ್ಕಾರದ ಕೃತ್ಯವನ್ನು ಬೇರೆಯವರಿಂದ ಮಾಡಿಸಿದವನಿಗೆ ಇಮ್ಮಡಿ, ಹಣ ತಾನು ಕೊಡುವೆನೆಂದು ಹೇಳಿ ಮಾಡಿಸಿದವನಿಗೆ ನಾಲ್ಮಡಿ. ಇವು ದಂಡಗಳೇ ಹೊರತು ಪರಿಹಾರವಲ್ಲವಾದ್ದರಿಂದ ಇವನ್ನು ಸಿವಿಲ್ ಹೊಣೆಯ ಮೂಲವೆನ್ನಲು ಬರುವುದಿಲ್ಲ. ಆದರೆ ನೆರವಿತ್ತವನಿಗೆ ವಿಷಯ ತಿಳಿದಿತ್ತೇ ಎಂಬ ಪ್ರಶ್ನೆ ಮಾತ್ರ ಅಂದಿನದೇ.

ಇಂದಿನ ನಿಯಮದ ತಾಯಿಬೇರು ಇಂಗ್ಲೆಂಡಿನದು. ಗಾಯಕಿಯೊಬ್ಬಳು ಒಂದು ರಂಗಮಂದಿರದೊಡನೆ ಮಾಡಿಕೊಂಡ ಕರಾರನ್ನು ಮುರಿಯುವಂತೆ ಪ್ರೇರೇಪಿಸಿದ ಪ್ರತಿಸ್ಪರ್ಧಿಯೂ ನಷ್ಟಕ್ಕೆ ಹೊಣೆಗಾರನಾಗಬಲ್ಲನೆಂದು 1853ರ ಲಮ್ಲಿ–ಗೈ ಪ್ರಕರಣ ಸಾರಿತು. ಆದರೆ ಇಟಗಿಯಿರುವ ಕೊಪ್ಪಳ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, ಬ್ರಿಟಿಷ್ ಭಾರತದ ಕಾಯ್ದೆಗಳು ಅಲ್ಲಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು.

ನಿಜವಾದ ತಿರುವು 1999ರ ವ್ಯಾಪಾರ ಗುರುತುಗಳ ಕಾಯ್ದೆ. ಅದು 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂತು. ತುಂಗಭದ್ರಾ ಎಡದಂಡೆಯ ನೀರಿನಿಂದ ಭತ್ತದ ಕಣಜವೆನಿಸಿದ, ಇದೇ ಕೊಪ್ಪಳ ಸೀಮೆಯ ಗಂಗಾವತಿಯ ಅಕ್ಕಿಗಿರಣಿಗಳ ಮಾರುಕಟ್ಟೆಯಲ್ಲಿ ಅದರ 29(7)ನೆಯ ಕಲಮಿನ ಅರ್ಥ ಕಣ್ಣಿಗೆ ಕಟ್ಟುತ್ತದೆ. ಸೋನಾ ಮಸೂರಿ ತುಂಬಿದ 25 ಕೆ.ಜಿ. ಚೀಲವನ್ನು ಗ್ರಾಹಕ ಕೊಳ್ಳುವುದು ಒಳಗಿನ ಕಾಳು ನೋಡಿಯಲ್ಲ, ಹೊಲಿದ ಬಾಯಿಯ ಕೆಳಗೆ ಅಚ್ಚಾದ ಚಿತ್ರ, ಬಣ್ಣ, ಹೆಸರು ನೋಡಿ. ಒಂದು ಗಿರಣಿಯ ನೋಂದಾಯಿತ ಗುರುತನ್ನು ಇನ್ನೊಬ್ಬನಿಗಾಗಿ ಖಾಲಿ ಚೀಲದ ಮೇಲೆ ಅಚ್ಚುಹಾಕಿಕೊಟ್ಟ ಮುದ್ರಕ ಒಂದು ಕಾಳನ್ನೂ ಮಾರಿರುವುದಿಲ್ಲ. ಆದರೂ ಆ ಗುರುತಿಗೆ ಒಡೆಯನ ಅನುಮತಿಯಿಲ್ಲವೆಂದು ಅವನಿಗೆ ತಿಳಿದಿದ್ದರೆ, ಅಥವಾ ಹಾಗೆ ನಂಬಲು ಕಾರಣವಿದ್ದರೆ, ಅವನೂ ಉಲ್ಲಂಘಕನೇ. ಇದನ್ನೇ ಹೋಲುವ 1994ರ ಬ್ರಿಟಿಷ್ ಕಾಯ್ದೆ ಮುದ್ರಕನನ್ನು ಮುಂದಿನ ಉಲ್ಲಂಘನೆಯ ಪಾಲುದಾರನೆಂದು ಪರಿಗಣಿಸಿದರೆ, ಭಾರತದ ಕಲಮು ಅಚ್ಚುಹಾಕುವುದನ್ನೇ ಉಲ್ಲಂಘನೆಯೆನ್ನುತ್ತದೆ. ಈ ವ್ಯತ್ಯಾಸಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಚೀಲದ ಮುದ್ರಕನ ವಿಷಯದಲ್ಲಿ ಶಾಸನ ಸ್ಪಷ್ಟವಾಗಿದ್ದರೂ ಅಂತರ್ಜಾಲದ ಮಾರುಕಟ್ಟೆಯ ವಿಷಯದಲ್ಲಿ ತೀರ್ಪುಗಳು ಒಂದೇ ದಾರಿಯಲ್ಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಕಲಮು ಮಧ್ಯವರ್ತಿಗೆ, ಅಂದರೆ ಇತರರ ಮಾಹಿತಿಯನ್ನು ದಾಟಿಸುವ ಅಥವಾ ಇರಿಸಿಕೊಳ್ಳುವ ಸಂಸ್ಥೆಗೆ ರಕ್ಷಣೆ ಕೊಟ್ಟು, ಸಂಚು, ಕುಮ್ಮಕ್ಕು, ನೆರವು, ಪ್ರೇರಣೆ ಇದ್ದಲ್ಲಿ ಅದನ್ನು ಹಿಂತೆಗೆಯುತ್ತದೆ. 2018ರ ಕ್ರಿಶ್ಚಿಯನ್ ಲೂಬುಟಿನ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠವು ಮಾರಾಟದಲ್ಲಿ ಸಕ್ರಿಯವಾಗಿ ತೊಡಗಿದ ಜಾಲತಾಣಕ್ಕೆ ಈ ರಕ್ಷಣೆ ಸಲ್ಲದೆಂದಿತು. ಸಕ್ರಿಯ–ನಿಷ್ಕ್ರಿಯ ಎಂಬ ವಿಭಜನೆ ಕಾಯ್ದೆಯಲ್ಲಿಲ್ಲವೆಂದು 2020ರಲ್ಲಿ ಅಮೆಜಾನ್–ಆಮ್‌ವೇ ಪ್ರಕರಣದ ವಿಭಾಗೀಯ ಪೀಠ ಹೇಳಿತು. 2023ರಲ್ಲಿ ಅದೇ ಹೈಕೋರ್ಟಿನ ಮತ್ತೊಂದು ವಿಭಾಗೀಯ ಪೀಠ ಗೂಗಲ್ಲನ್ನು ಅದರ ಜಾಹೀರಾತು ವ್ಯವಸ್ಥೆಯಲ್ಲಿ ಸಕ್ರಿಯ ಪಾತ್ರಧಾರಿಯೆಂದು ಕಂಡಿತು. ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದರೂ ಕೊಪ್ಪಳ ಜಿಲ್ಲೆಯ ಮೇಲ್ಮನವಿಗಳು ಹೋಗುವುದು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠಕ್ಕೆ. ಅಲ್ಲಿ ದೆಹಲಿಯ ಈ ತೀರ್ಪುಗಳಿಗೆ ಮಾರ್ಗದರ್ಶನದ ಬೆಲೆಯುಂಟು, ಕಟ್ಟುಪಾಡಿಲ್ಲ.