ದೂರದರ್ಶನ ಪರವಾನಗಿ ವಿವಾದಗಳು (ಬ್ರಿಟನ್)

ಬ್ರಿಟನ್ನಿನಲ್ಲಿ 1946ರಲ್ಲಿ ಎರಡು ಪೌಂಡು ವಾರ್ಷಿಕ ಶುಲ್ಕದೊಡನೆ ಜಾರಿಗೆ ಬಂದು, ಬಿಬಿಸಿಯ ಪ್ರಧಾನ ಆದಾಯಮೂಲವಾಗಿ ಪರಿಣಮಿಸಿದ ದೂರದರ್ಶನ ಪರವಾನಗಿಯ ವಿಧಿಗಳನ್ನೂ ಅವುಗಳ ಅನುಷ್ಠಾನಕ್ರಮವನ್ನೂ ಕುರಿತು ಎದ್ದಿರುವ ತಕರಾರುಗಳು. ದೂರದರ್ಶನ ಯಂತ್ರವನ್ನು ಪರವಾನಗಿಯಿಲ್ಲದೆ ಮನೆಯಲ್ಲಿ ಇಟ್ಟುಕೊಂಡ ಮಾತ್ರಕ್ಕೆ ಅಪರಾಧವಾಗದು. ಪ್ರಸಾರವಾಗುತ್ತಿರುವಾಗಲೇ ಕಾರ್ಯಕ್ರಮವನ್ನು ನೋಡುವುದಕ್ಕೂ ಮುದ್ರಿಸಿಕೊಳ್ಳುವುದಕ್ಕೂ, 2016ರಿಂದೀಚೆಗೆ ಬಿಬಿಸಿಯ ಐಪ್ಲೇಯರ್ ಎಂಬ ಅಂತರ್ಜಾಲ ವೀಕ್ಷಣಾಸೇವೆಗೂ ಪರವಾನಗಿ ಬೇಕು. ವಿವಾದದ ತಿರುಳಿರುವುದು ಹೊಸ್ತಿಲಲ್ಲಿ: ಬಾಗಿಲು ತಟ್ಟುವ ತನಿಖಾಧಿಕಾರಿಗೆ ನ್ಯಾಯಾಲಯದ ಶೋಧನಾಜ್ಞೆಯಿಲ್ಲದೆ ಬಲವಂತವಾಗಿ ಒಳಹೊಗುವ ಅಧಿಕಾರವಿಲ್ಲದಿದ್ದರೂ, ಆತನ ಪ್ರಶ್ನೆಗಳಿಗೆ ಮನೆಯಲ್ಲಿದ್ದವರು ಕೊಟ್ಟ ಉತ್ತರವೇ ಮೊಕದ್ದಮೆಗೆ ಆಧಾರವಾಗಬಲ್ಲುದು; ಬಾಗಿಲು ತೆರೆದು ಉತ್ತರಿಸುವವರು ಹೆಚ್ಚಾಗಿ ಸ್ತ್ರೀಯರೇ ಆದ್ದರಿಂದ, ಶಿಕ್ಷಿತರಲ್ಲಿ ಸ್ತ್ರೀಯರೇ ಬಹುಸಂಖ್ಯಾತರೆಂಬ ಆಕ್ಷೇಪ ನಿರಾಧಾರವಲ್ಲ. ಇಂಗ್ಲೆಂಡಿನಲ್ಲಿ ಪರಮಾವಧಿ ದಂಡ 1000 ಪೌಂಡು. ಅದನ್ನು ತೆರದೆ ಹೋದವರಿಗೆ ಸೆರೆವಾಸವೂ ಒದಗಬಹುದು. 75 ವರ್ಷ ಮೀರಿದವರಿಗೆಲ್ಲ ಇದ್ದ ಉಚಿತ ಪರವಾನಗಿ, 2020ರ ಆಗಸ್ಟಿನಿಂದ, ಪೆನ್ಷನ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ಪಡೆಯುವ ಮನೆಗಳಿಗಷ್ಟೇ ಉಳಿಯಿತು.